ಜಾಬರ್ ಮಾಮಾ ಬರೆದಿಟ್ಟ ತಪ್ಪು ಲೆಕ್ಕಗಳು

ಹೋದ ತಿಂಗಳು ಇಚಲಕರಂಜಿಯ ಶಹಾಪುರದಲ್ಲಿ, ಒಂದು ಮಗ್ಗದ ಶೆಡ್ಡಿನೊಳಗೆ ಸಣ್ಣದೊಂದು ಸತ್ಕಾರ ನಡೆಯಿತು. ಅದಕ್ಕಾಗಿ ಒಂದು ತಾಸು ಮಗ್ಗ ನಿಲ್ಲಿಸಿದ್ದರು. ಅಲ್ಲಿಯ ಜಾಬರ್ ಕೆಲಸ ಬಿಡುವ ದಿನ ಅದು. ಜಾಬರ್ ಅಂದರೆ ಮಗ್ಗ ಕೂಡಿಸುವವರು, ಕೆಟ್ಟರೆ ನೆಟ್ಟಗೆ ಮಾಡುವವರು. ಶೆಡ್ಡಿನಲ್ಲಿ ಮಾಲೀಕ ಶೇಠನ ನಂತರ ಅವರದೇ ಮಾತು. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ತಲೆಗೆ ಕೇಸರಿ ಫೇಟಾ ಸುತ್ತಿದರು. ಫೇಟಾ ದೊಡ್ಡದಾಗಿ ಕಿವಿ ಮುಚ್ಚಿತ್ತು. ಯಾರು ಏನು ಹೊಗಳಿದರೂ ಅವರು "ಆಂ?" ಅನ್ನುತ್ತಿದ್ದರು.

ನನಗೂ ಎರಡು ಮಾತು ಆಡಲು ಹೇಳಿದರು. ಗಡಹಿಂಗ್ಲಜದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎದ್ದು ನಿಂತೆ. ಅವರ ಮುಖ ನೋಡಿದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಮಾಮಾ ಭಾಳ ಛಲೋ ಮನಶ್ಯಾ" ಎಂದಷ್ಟೇ ಹೇಳಿ ಕೂತುಬಿಟ್ಟೆ. ಮನೆಗೆ ಬಂದ ಮೇಲೆ ಅವ್ವ ಬಿಟ್ಟಾಳೆಯೇ? "ಮನ್ಯಾಗ ದಿನಾ ಬಡಬಡ ಅಂತಿ, ಅಲ್ಲಿ ಏನ್ ಬಾಯಾಗ ನೀರ್ ತುಂಬ್ಕೊಂಡಿದ್ದೇನ?" ಎಂದಳು. ಅವಳ ಮಾತು ಖರೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಬರೆಯಲೇ ಎಂದು ಮಾಮಾರನ್ನು ಕೇಳಿದ್ದೆ. "ಬರಿ. ಹೆಸರ ಹಾಕಬ್ಯಾಡ. ಹೆಸರ ಹಾಕಿದಿ ಅಂದ್ರ ನಾ ತಪ್ಪ ಹೇಳಿಕೊಟ್ಟ ಪೋರಗೋಳೆಲ್ಲಾ ಮನಿ ಹುಡುಕ್ಕೊಂಡ ಬರ್ತಾವ" ಎಂದರು. ಹಾಗಾಗಿ ಹೆಸರಿಲ್ಲ. ಎಲ್ಲರೂ ಕರೆದಂತೆ ಜಾಬರ್ ಮಾಮಾ ಅಂತಲೇ ಬರೆಯುತ್ತೇನೆ.

ಮಾಮಾ ಸುಳಕೂಡದ ಕಡೆಯವರು. ಮನೆತನ ಕುರಿ ಸಾಕಿದ್ದು. ಕೊಲ್ಲಾಪುರದಲ್ಲಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿ, ಅಪ್ಪ ತೀರಿಕೊಂಡರೆಂದು ಬಿಟ್ಟು, ಮಗ್ಗಕ್ಕೆ ಬಂದವರು. ಈ ಕಥೆಯನ್ನು ಅವರು ಎಂದೂ ಅಳುಮೋರೆ ಹಾಕಿ ಹೇಳಿದವರಲ್ಲ. "ಕಾಲೇಜ ನಾ ಬಿಟ್ಟೆ. ಕಾಲೇಜ ನನ್ನ ಬಿಡವಲ್ದು" ಅನ್ನುತ್ತಿದ್ದರು. ಅದು ಹೇಗೆಂದರೆ, ಮಧ್ಯಾಹ್ನದ ನಾಲ್ಕು ಗಂಟೆಯ ಚಹಾಕ್ಕೆ ಅವರು ಶೆಡ್ಡಿನ ಹೊರಗೆ, ಹಾಸಿನ ನೂಲು ಸುತ್ತುವ ಖಾಲಿ ಬೀಮಿನ ಮೇಲೆ ಬಂದು ಕೂತರೆ, ಓಣಿಯ ಕಾಲೇಜು ಹುಡುಗ ಹುಡುಗಿಯರು ಪುಸ್ತಕ ಹಿಡಿದು ಹಾಜರಾಗುತ್ತಿದ್ದರು. ಬಿ.ಕಾಂ.ನವರ ಸ್ಟ್ಯಾಟಿಸ್ಟಿಕ್ಸ್, ಫಾರ್ಮಸಿಯವರ ಮಿಶ್ರಣದ ಲೆಕ್ಕ, ಡಿಪ್ಲೊಮಾದವರ ಕರೆಂಟು, ಅರ್ಥಶಾಸ್ತ್ರದವರ ಬೇಡಿಕೆ ಪೂರೈಕೆ, ನನ್ನ ಫಿಸಿಕ್ಸು. ಎಲ್ಲಕ್ಕೂ ಒಬ್ಬರೇ ಮಾಮಾ.

ಬಿಡಿಸಿ ಕೊಡುತ್ತಿದ್ದರೆಂದು ತಿಳಿಯಬೇಡಿ. ಅವರ ಕೈ ಸದಾ ಎಣ್ಣೆ, ಗ್ರೀಸು. ಯಾರ ನೋಟುಬುಕ್ಕನ್ನೂ ಮುಟ್ಟುತ್ತಿರಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತು, ಗದ್ದದಿಂದ ತೋರಿಸುತ್ತಿದ್ದರು. "ಅದರ ಮ್ಯಾಲಿನ ಸಾಲು. ಅಲ್ಲ, ಇನ್ನೂ ಮ್ಯಾಲ. ಹಾಂ, ಅಲ್ಲೇ ಸತ್ತಿ ನೋಡು ನೀ." ಪೆನ್ನು ಹಿಡಿಯುವುದು, ಬರೆಯುವುದು, ಹೊಡೆದುಹಾಕುವುದು ಎಲ್ಲ ನಮ್ಮದೇ ಕೆಲಸ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಉತ್ತರ ಗೊತ್ತಿದೆ, ಹೇಳಬಾರದೇ? ನಾಳೆ ಹೋಮ್‌ವರ್ಕ್ ತೋರಿಸಬೇಕು, ಈ ಮನುಷ್ಯ ಚಹಾ ಕುಡಿದು ಗದ್ದ ಅಲ್ಲಾಡಿಸುತ್ತಾನೆ ಎಂದು ಮನಸ್ಸಿನಲ್ಲೇ ಬೈದದ್ದೂ ಉಂಟು.

ಇನ್ನೊಂದು ಹಟವಿತ್ತು. ಪ್ರಶ್ನೆ ಓದಬಾರದು, ಹೇಳಬೇಕು. "ಇಂಗ್ಲಿಷ್‌ದಾಗ ಓದಬ್ಯಾಡ. ನಿಮ್ಮ ಅವ್ವಗ ಹೇಳಿದಂಗ ಹೇಳು. ಏನ್ ಐತಿ, ಏನ್ ಬೇಕಾಗೈತಿ." ಹೇಳಲು ಹೋದರೆ ಅರ್ಧದಲ್ಲೇ ತಡವರಿಸುತ್ತಿದ್ದೆವು, ಯಾಕೆಂದರೆ ನಮಗೇ ಪ್ರಶ್ನೆ ತಿಳಿದಿರುತ್ತಿರಲಿಲ್ಲ. ಮೂರು ಸಲ ಹೇಳುವಷ್ಟರಲ್ಲಿ ಉತ್ತರದ ದಾರಿ ತಾನೇ ಕಾಣಿಸುತ್ತಿತ್ತು. ಆಮೇಲೆ ಅಂದಾಜು. ಲೆಕ್ಕಕ್ಕೆ ಕೈ ಹಾಕುವ ಮೊದಲು ಉತ್ತರ ಎಷ್ಟು ಬರಬಹುದೆಂದು ಹಾಳೆಯ ಮೂಲೆಯಲ್ಲಿ ಬರೆದು ಸುತ್ತಲೂ ಒಂದು ಗೋಲ ಹಾಕಬೇಕು. ಕೊನೆಗೆ ಬಂದ ಉತ್ತರಕ್ಕೂ ಗೋಲದೊಳಗಿನ ಅಂದಾಜಿಗೂ ಭಾಳ ಫರಕು ಬಿದ್ದರೆ, "ಇಬ್ಬರಾಗ ಒಬ್ಬಾಂವ ಸುಳ್ಳ ಹೇಳಾಕತ್ತಾನ. ಯಾರ ಅಂತ ಹಿಡಿ" ಎನ್ನುತ್ತಿದ್ದರು.

ಬಿ.ಕಾಂ. ಓದುವ ಒಬ್ಬಾಕೆಗೆ ಸ್ಟ್ಯಾಂಡರ್ಡ್ ಡೆವಿಯೇಶನ್ ತಲೆಗೆ ಹತ್ತುತ್ತಲೇ ಇರಲಿಲ್ಲ. ಸೂತ್ರ ಬಾಯಿಪಾಠ, ಅರ್ಥ ಸೊನ್ನೆ. ಮಾಮಾ ಕೇಳಿದರು: "ಎರಡ ಮಗ್ಗ ಅದಾವು. ಒಂದು ದಿನಾ ನಲವತ್ತ ಮೀಟರ್ ಕೊಡತೈತಿ. ಇನ್ನೊಂದು ಇವತ್ತ ಇಪ್ಪತ್ತ, ನಾಳೆ ಅರವತ್ತ. ಸರಾಸರಿ ಎರಡೂದೂ ನಲವತ್ತ. ಯಾವದ ಇಟ್ಕೋತಿ?"

"ಮೊದಲಿಂದ್ರಿ ಮಾಮಾ."

"ಯಾಕ? ಸರಾಸರಿ ಒಂದ ಐತೆಲ್ಲಾ?"

"ಎರಡನೇದ್ದು ನಾಳೆ ಏನ್ ಮಾಡತೈತೋ ಅಂತ ಹೊಟ್ಯಾಗ ಪುಕುಪುಕು ಆಕ್ಕೈತ್ರಿ."

"ಆ ಪುಕುಪುಕು ಎಷ್ಟು ಅಂತ ಅಳದ್ರ, ಅದ ನಿಮ್ಮ ಡೆವಿಯೇಶನ್. ಬರಿ ಈಗ."

ಆಕೆ ಬರೆದಳು. ಈಗ ಕೊಲ್ಲಾಪುರದ ಒಂದು ಆಫೀಸಿನಲ್ಲಿದ್ದಾಳೆ. ಸತ್ಕಾರಕ್ಕೆ ಬಂದವಳು ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದಳು.

ನನಗೆ ಹಿಡಿಸದಿದ್ದದ್ದು ಕರೆಂಟಿನ ಲೆಕ್ಕ. ಇಪ್ಪತ್ತು ಮತ್ತು ಮೂವತ್ತು ಓಮ್‌ಗಳ ಎರಡು ತಡೆಗಳನ್ನು ಸಮಾಂತರವಾಗಿ ಪಕ್ಕಪಕ್ಕ ಜೋಡಿಸಿದರೆ ಒಟ್ಟು ಹನ್ನೆರಡು ಓಮ್. ಎರಡು ಕೂಡಿದ ಮೇಲೆ ಎರಡಕ್ಕಿಂತಲೂ ಕಡಿಮೆ ಹೇಗಾಗುತ್ತದೆ? ಮಾಮಾ ನನ್ನನ್ನು ನೋಡಿ, "ನೀ ನೇಕಾರನ ಮಗಳಲ್ಲೇನ? ಇಪ್ಪತ್ತ ಕೌಂಟಿನ ನೂಲು, ಮೂವತ್ತ ಕೌಂಟಿನ ನೂಲು, ಎರಡೂ ಕೂಡಿಸಿ ಹುರಿ ಹಾಕಿದ್ರ ಯಾವ ಕೌಂಟ್ ಬರತೈತಿ?" ಎಂದರು. ಹನ್ನೆರಡು ಎಂದೆ, ಯೋಚಿಸದೆ. ಅಪ್ಪನ ಬಾಯಲ್ಲಿ ಸಾವಿರ ಸಲ ಕೇಳಿದ್ದೆ. ನಮ್ಮಲ್ಲಿ ಕೌಂಟಿನ ಅಂಕಿ ದೊಡ್ಡದಾದಷ್ಟೂ ನೂಲು ಸಣ್ಣ; ದಪ್ಪಗಾದರೆ ಅಂಕಿ ಇಳಿಯುತ್ತದೆ. "ಹಂಗಾರ ಇದರಾಗ ಹೊಸಾದ ಏನೈತಿ?" ಎಂದರು. ಆ ದಿನದಿಂದ ನನಗೆ ಫಿಸಿಕ್ಸ್ ಎಂದರೆ ನಮ್ಮ ಮನೆಯ ವಿಷಯವೇ ಅನ್ನಿಸಿತು. ಕನ್ನಡಕದ ಗಾಜಿನ ಲೆಕ್ಕ, ಇಬ್ಬರು ಕೂಡಿ ಮಾಡುವ ಕೆಲಸದ ಲೆಕ್ಕ, ಎಲ್ಲದರಲ್ಲೂ ನನಗೆ ನೂಲೇ ಕಾಣತೊಡಗಿತು.

ಎಲ್ಲವೂ ಅವರಿಗೆ ಬರುತ್ತಿತ್ತೆಂದಲ್ಲ. ಗೊತ್ತಿಲ್ಲದಿದ್ದರೆ "ಪುಸ್ತಕ ಎರಡ ದಿನಾ ಇಟ್ಟ ಹೋಗು" ಎನ್ನುತ್ತಿದ್ದರು. ಒಮ್ಮೆ ಒಬ್ಬ ವಿದ್ಯಾರ್ಥಿನಿಗೆ ಅರ್ಥಶಾಸ್ತ್ರದ ಲೆಕ್ಕವೊಂದನ್ನು ತಪ್ಪು ಹೇಳಿಕೊಟ್ಟರು. ಮರುದಿನ ತಾವೇ ಆ ವಿದ್ಯಾರ್ಥಿನಿಯ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ನಿನ್ನೆ ಹೇಳಿದ್ದು ತಪ್ಪು ಎಂದು ಹೇಳಿ ಬಂದರು. ಅಷ್ಟಕ್ಕೇ ಬಿಡಲಿಲ್ಲ. ಶೆಡ್ಡಿನ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಆ ಲೆಕ್ಕ ಬರೆದು, ತಾವು ತಪ್ಪಿದ ಸಾಲಿನ ಕೆಳಗೆ ಗೆರೆ ಎಳೆದರು. ತಾವು ತಪ್ಪಿದಾಗಲೆಲ್ಲ ಹಾಗೆ ಬರೆದು ಒಂದು ವಾರ ಬಿಡುತ್ತಿದ್ದರು. ನೇಕಾರರು ಚೇಷ್ಟೆ ಮಾಡಿದರೆ, "ನಾ ಬಿದ್ದ ತೆಗ್ಗಿನ್ಯಾಗ ಇನ್ನೊಬ್ಬರ ಯಾಕ ಬೀಳಬೇಕ ಮಾರಾಯಾ?" ಎನ್ನುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಇಂಥ ಬಾಗಿಲು ನಾನು ನೋಡಿರಲಿಲ್ಲ.

ಈಗೀಗ ಎಲ್ಲರ ಕೈಯಲ್ಲೂ ಫೋನು. ಪ್ರಶ್ನೆಯ ಫೋಟೋ ತೆಗೆದರೆ ಸಾಕು, ಉತ್ತರ ಹಂತಹಂತವಾಗಿ ಇಳಿಯುತ್ತದೆ. ಬೀಮಿನ ಸುತ್ತಲಿನ ಗದ್ದಲ ಕಡಿಮೆಯಾಯಿತು. ಮಾಮಾ ಮುನಿಸಿಕೊಂಡಿರಬೇಕೆಂದು ನಾನು ತಿಳಿದಿದ್ದೆ. ಇಲ್ಲ. ಎಂಜಿನಿಯರಿಂಗ್ ಓದುವ ಒಬ್ಬ ಹುಡುಗಿ ಫೋನಿನ ಉತ್ತರ ತಂದು ತೋರಿಸಿದಾಗ, ಕುತ್ತಿಗೆ ಚಾಚಿ ಎಲ್ಲಾ ಸಾಲು ಓದಿದರು. "ಭಾಳ ಛಲೋ ಬಿಡಿಸೈತಿ. ನನಗಿಂತಾ ಸ್ವಚ್ಛ. ಆದ್ರ ನಿನ್ನ ಗೋಲ ಎಲ್ಲೈತಿ?" ಎಂದರು. ಹುಡುಗಿ ತಬ್ಬಿಬ್ಬಾದಳು. "ಮೊದಲ ನಿನ್ನ ಅಂದಾಜು ಬರಿ, ಆಮ್ಯಾಲ ಫೋನ್ ತಗಿ. ಇಲ್ಲಾಂದ್ರ ಅದು ತಪ್ಪಿದ ದಿನಾ ನಿನಗ ಹೆಂಗ ಗೊತ್ತ ಆಗಬೇಕು?" ಮಾಮಾ ಕೆಲಸ ಬಿಡುವ ತನಕವೂ ಆಕೆ ಬರುತ್ತಿದ್ದಳಂತೆ, ಫೋನೂ ತರುತ್ತಿದ್ದಳಂತೆ, ಗೋಲವನ್ನೂ ಹಾಕುತ್ತಿದ್ದಳಂತೆ. ಕೇಳಿ ನನಗೆ ಭಾಳ ಸಂತೋಷವಾಯಿತು.

ಸತ್ಕಾರದ ದಿನ ನಾನು ಹೇಳಲಾಗದೆ ಕೂತ ಮಾತು ಇದು ಯಾವುದೂ ಅಲ್ಲ.

ಬಿ.ಎಸ್ಸಿ. ಎರಡನೇ ವರ್ಷದ ಫಿಸಿಕ್ಸಿನಲ್ಲಿ ನಾನು ಒಮ್ಮೆ ಬಿದ್ದಿದ್ದೆ. ಅಪ್ಪ ಅದೇ ಶೆಡ್ಡಿನ ನೇಕಾರ. ಹೆಚ್ಚು ಮಾತಾಡುವವನಲ್ಲ. "ಇನ್ನೊಮ್ಮೆ ಕೂಡು. ಈ ಸಲ ಹೋತಂದ್ರ ಕಾಂಡಿಗೆ ಕೂಡು. ಶೇಠಗ ಮಾತ ಕೊಟ್ಟೇನಿ" ಎಂದಿದ್ದ. ಕಾಂಡಿ ಎಂದರೆ ಲಾಳಿಯೊಳಗೆ ಇಡುವ ಸಣ್ಣ ನಳಿಗೆಗೆ ನೂಲು ಸುತ್ತುವ ಕೆಲಸ. ಶೆಡ್ಡಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಹೆಂಗಸರು, ಕೈಲಾಗದ ಮುದುಕರು ಮಾಡುತ್ತಾರೆ. ಅಲ್ಲಿ ಕೂತ ಹುಡುಗಿಯರು ಮತ್ತೆ ಕಾಲೇಜಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಅಪ್ಪನನ್ನು ದೂರುವುದಿಲ್ಲ, ಅವನಿಗೆ ತಿಳಿದ ದಾರಿ ಅದು. ಆದರೆ ಆ ಸ್ಟೂಲನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಎರಡನೇ ಸಲ ಕೂತೆ. ಮೂರು ಮಾರ್ಕಿನಿಂದ ಬಿದ್ದೆ. ನಾನು ಒಪ್ಪಲಿಲ್ಲ. ಎಲ್ಲಾ ಸರಿ ಬರೆದಿದ್ದೇನೆ, ತಿದ್ದಿದವರದೇ ತಪ್ಪು ಎಂದು ಮಾಮಾರ ಮುಂದೆ ಕೂಗಾಡಿದೆ. ಅವರು ಶೇಠನಿಗೆ ಹೇಳಿ ರಜೆ ಹಾಕಿ ನನ್ನ ಜೊತೆ ಎಸ್.ಟಿ. ಬಸ್ಸು ಹತ್ತಿದರು. ಕೊಲ್ಲಾಪುರದ ಕಾಲೇಜಿನ ಕಿಟಕಿಯಲ್ಲಿ ಉತ್ತರಪತ್ರಿಕೆಯ ಝೆರಾಕ್ಸ್ ಕೈಗೆ ಬಂತು. ಆರು ಮಾರ್ಕಿನ ಒಂದು ಪ್ರಶ್ನೆಯ ಎದುರು ಕೆಂಪು ಸೊನ್ನೆ. ನೋಡಿದವಳೇ ಸೀದಾ ನಮ್ಮ ಪ್ರೊಫೆಸರರ ಕೋಣೆಗೆ ನುಗ್ಗಿದೆ. ಮಾಮಾ ಹಿಂದೆ ಹಿಂದೆ ಬಂದರು.

ಪ್ರಶ್ನೆ ಸರಳ. ಒಂದೇ ಬಿಗಿತದ ಎರಡು ತಂತಿಗಳು. ಮೊದಲನೆಯದರ ತೂಕ ಮೀಟರಿಗೆ ನಾಲ್ಕು ಗ್ರಾಂ, ಎರಡನೆಯದರದು ಒಂಬತ್ತು. ತಂತಿ ಮೀಟಿದರೆ ಅಲೆ ಯಾವುದರಲ್ಲಿ ಜೋರಾಗಿ ಓಡುತ್ತದೆ, ಎಷ್ಟು ಪಟ್ಟು? ಎರಡನೆಯದರಲ್ಲಿ, ಒಂದೂವರೆ ಪಟ್ಟು ಎಂದು ನಾನು ಬರೆದಿದ್ದೆ. ಪ್ರೊಫೆಸರು ಒಳ್ಳೆಯವರು. ಕನ್ನಡಕ ಏರಿಸಿ ನೋಡಿದರು. ಸೂತ್ರ ಸರಿ ಇದೆ, ಒಂದೂವರೆಯೂ ಸರಿ ಇದೆ, ಪೂರಾ ಸೊನ್ನೆ ಹಾಕಬಾರದಿತ್ತು, ಅರ್ಧದಷ್ಟು, ಮೂರು ಮಾರ್ಕಾದರೂ ಕೊಡಿ ಎಂದು ತಿದ್ದಿದವರಿಗೆ ಬರೆದು ಕಳಿಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಪೆನ್ನು ತೆಗೆದರು. ಆ ಮೂರು ಸಿಕ್ಕರೆ ನಾನು ಪಾಸು. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನಿಸಿತು.

ಮಾಮಾ ಆ ದಿನ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದಿದ್ದರು. ನನ್ನ ಹಾಳೆಯನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಓದಿದರು. ಮೂಲೆಯಲ್ಲಿದ್ದ ನನ್ನ ಗೋಲವನ್ನು ನೋಡಿದರು. ಅಲ್ಲಿಯೂ 'ಎರಡನೇದು' ಎಂದೇ ಇತ್ತು. ಆಮೇಲೆ ಮೆಲ್ಲಗೆ ಹೇಳಿದರು: "ಸರ್, ಲಿಹೂ ನಕಾ. ಚೂಕ ಆಮಚೀ ಆಹೆ."

ಬರೆಯಬೇಡಿ, ತಪ್ಪು ನಮ್ಮದು.

ಪ್ರೊಫೆಸರರಿಗೂ ಅರ್ಥವಾಗಲಿಲ್ಲ. ಮಾಮಾ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಿಳಿಸಿದರು. ಈ ಹುಡುಗಿ ನಾಲ್ಕು ಮತ್ತು ಒಂಬತ್ತನ್ನು ತೂಕವೆಂದು ಓದಿಲ್ಲ, ಕೌಂಟ್ ಎಂದು ಓದಿದ್ದಾಳೆ. ನೂಲಿನಲ್ಲಿ ಅಂಕಿ ದೊಡ್ಡದಾದರೆ ಎಳೆ ಹಗುರ. ಒಂಬತ್ತು ಹಗುರ, ಹಾಗಾಗಿ ಅದರಲ್ಲೇ ಅಲೆ ಜೋರು ಎಂದು ಅಂದಾಜು ಹಾಕಿದ್ದಾಳೆ, ಆಮೇಲೆ ಲೆಕ್ಕವನ್ನೂ ಆ ಅಂದಾಜಿನ ಕಡೆಗೇ ಬಗ್ಗಿಸಿದ್ದಾಳೆ. ತಂತಿಯಲ್ಲಿ ಒಂಬತ್ತು ಗ್ರಾಂ ಎಂದರೆ ಭಾರ. ಅಲೆ ಓಡುವುದು ನಾಲ್ಕರಲ್ಲಿ. "ನಾನ ಆಕಿಗೆ ಎಲ್ಲಾ ನೂಲಿನ್ಯಾಗ ಹೇಳಿಕೊಟ್ಟೇನ್ರಿ. ನೂಲು ಎಲ್ಲಿ ಉಲ್ಟಾ ಆಕ್ಕೈತಿ ಅಂತ ಹೇಳಲಿಲ್ಲ. ಸೊನ್ನಿ ಹಾಕಿದವರು ಬರೋಬ್ಬರಿ ಹಾಕ್ಯಾರ."

ಪ್ರೊಫೆಸರು ಪೆನ್ನು ಮುಚ್ಚಿದರು. ಇಚಲಕರಂಜಿಯಿಂದ ಬರುವ ಮಕ್ಕಳು ಎಷ್ಟೋ ಜನ ಈ ಲೆಕ್ಕವನ್ನು ಹೀಗೇ ತಿರುವು ಮುರುವು ಬರೆಯುತ್ತಾರೆ, ಗಮನವಿಲ್ಲದ ಮಕ್ಕಳು ಎಂದು ನಾನು ಬೈಯುತ್ತಿದ್ದೆ, ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ ಎಂದರು. ಮಾಮಾರಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಕೌಂಟಿನ ವಿಷಯವನ್ನೆಲ್ಲ ಕೇಳಿ ಬರೆದುಕೊಂಡರು. ಮುಂದಿನ ವರ್ಷದಿಂದ ಅವರು ಆ ಪಾಠವನ್ನು ನೂಲಿನಿಂದಲೇ ಶುರು ಮಾಡಿದರೆಂದು ಆಮೇಲೆ ಕೇಳಿದೆ. ಆ ದಿನ ಮಾತ್ರ ನನಗೆ ಅವರಿಬ್ಬರ ಮುಖವೂ ಬೇಡವಾಗಿತ್ತು.

ವಾಪಸು ಬಸ್ಸಿನಲ್ಲಿ ಬಹಳ ದೂರ ನಾನು ಕಿಟಕಿಯ ಕಡೆಗೇ ಮುಖ ಮಾಡಿದ್ದೆ. ಕಡೆಗೆ ತಡೆಯಲಾಗಲಿಲ್ಲ.

"ನೀವ ಸುಮ್ನ ಇದ್ದಿದ್ರ ಆಗ್ತಿತ್ತ ಮಾಮಾ."

"ಹೌದ ಯವ್ವಾ. ಆಗ್ತಿತ್ತು."

"ಮತ್ತ?"

"ನನಗ ಆಗಲಿಲ್ಲ."

ಅಷ್ಟೇ. ಉಪದೇಶ ಮಾಡಿದ್ದರೆ ಜಗಳಾಡಬಹುದಿತ್ತು. ಹೀಗೆ ಹೇಳಿದರೆ ಏನು ಜಗಳ? ಶಹಾಪುರದಲ್ಲಿ ಇಳಿದ ಮೇಲೆ ಮಾಮಾ ಮೊದಲು ಮಾಡಿದ ಕೆಲಸವೆಂದರೆ ಶೆಡ್ಡಿನ ಬಾಗಿಲ ಮೇಲೆ ಆ ಎರಡು ತಂತಿಯ ಲೆಕ್ಕವನ್ನು ಬರೆದದ್ದು. ಕೆಳಗೆ ನನ್ನ ಹೆಸರು ಹಾಕಲಿಲ್ಲ, 'ತಪ್ಪು: ಜಾಬರ್' ಎಂದು ಬರೆದರು. ಬರೆದು ಮುಗಿಸಿ ನನ್ನ ಜೊತೆ ನಮ್ಮ ಮನೆಗೆ ಬಂದರು. ಅಪ್ಪ ಉಣ್ಣುತ್ತಿದ್ದ.

"ಮಗಳು ಮೂರ ಮಾರ್ಕಿಗೆ ಹೋಗ್ಯಾಳ. ಆ ಮೂರೂ ನಾ ಕಳದದ್ದು. ಇನ್ನೊಮ್ಮೆ ಕೂಡಸು."

"ಶೇಠಗ ಮಾತ ಕೊಟ್ಟೇನ್ರಿ ಜಾಬರ್. ಒಂದನೇ ತಾರೀಖಿಂದ ಕಾಂಡಿಗೆ ಜನಾ ಇಲ್ಲ" ಎಂದ ಅಪ್ಪ, ತಲೆ ಎತ್ತದೆ.

"ಜಾಗಾ ಖಾಲಿ ಬಿಡೂದಿಲ್ಲ. ಆಕಿ ಪಾಸ್ ಆಗೂತನಾ ಆಕಿ ಜಾಗಾದಾಗ ನಾ ಕೂಡತೀನಿ."

ಅಪ್ಪ ನಕ್ಕುಬಿಟ್ಟ, ಮಾಮಾ ಚೇಷ್ಟೆ ಮಾಡುತ್ತಿದ್ದಾರೆಂದು. ಜಾಬರ್ ಕಾಂಡಿಗೆ ಕೂಡುವುದೆಂದರೆ ಹೆಡ್‌ಮಾಸ್ತರು ಶಾಲೆಯ ಕಸ ಗುಡಿಸಿದ ಹಾಗೆ. ಆದರೆ ಒಂದನೇ ತಾರೀಖಿಗೆ ಮಾಮಾ ತಮ್ಮ ಮಗ್ಗಗಳ ಸುತ್ತು ಮುಗಿಸಿ, ಆ ಮೂಲೆಗೆ ಹೋಗಿ ಸ್ಟೂಲಿನ ಮೇಲೆ ಕೂತರು. ದಿನಕ್ಕೆ ನಾಲ್ಕು ತಾಸು. ಮಗ್ಗ ಎಲ್ಲಾದರೂ ನಿಂತರೆ ಎದ್ದು ಹೋಗಿ ನೆಟ್ಟಗೆ ಮಾಡಿ ಮತ್ತೆ ಬಂದು ಕೂಡುವರು. ಕಾಂಡಿಯ ಹೆಂಗಸರಿಗೆ ಹಬ್ಬವೋ ಹಬ್ಬ.

"ಮಾಮಾ, ಬಳಿ ತೊಡಸ್ಲ್ಯಾ?"

"ತೊಡಸವಾ. ಮಿಶನ್ಯಾಗ ಸಿಗದಂಥಾವ ನೋಡಿ ತೊಡಸು."

ನೇಕಾರರು ಬೆನ್ನ ಹಿಂದೆ ನಕ್ಕರು. ಮಾಮಾರಿಗೆ ತಲೆ ಕೆಟ್ಟಿದೆ ಎಂದರು. ಅಪ್ಪ ಮೊದಲ ವಾರ ಆ ಮೂಲೆಯ ಕಡೆ ನೋಡಲಿಲ್ಲ. ಎರಡನೇ ವಾರದಿಂದ ಮನೆಗೆ ಬಂದ ಕೂಡಲೇ ನನ್ನನ್ನು, "ಇವತ್ತ ಎಷ್ಟ ಲೆಕ್ಕಾ ಮಾಡಿದಿ?" ಎಂದು ಕೇಳತೊಡಗಿದ. ಹುಟ್ಟಿದಾಗಿನಿಂದ ಅವನು ನನ್ನ ಓದಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಮುಂದಿನ ಪರೀಕ್ಷೆಯ ತನಕ ಆ ಆರು ತಿಂಗಳು ನಾನು ಓದಿದ ಹಾಗೆ ಜೀವನದಲ್ಲಿ ಮತ್ತೆಂದೂ ಓದಿಲ್ಲ. ಒಂದು ಲೆಕ್ಕ ಬಿಟ್ಟೆದ್ದರೆ ಅಲ್ಲಿ ಒಬ್ಬರು ನನ್ನ ಬದಲು ನೂಲು ಸುತ್ತುತ್ತಿದ್ದಾರೆ ಎಂಬುದು ನೆನಪಾಗುತ್ತಿತ್ತು. ನಾಲ್ಕರ ಚಹಾಕ್ಕೆ ಹೋದರೆ ಮಾಮಾ ಸ್ಟೂಲಿನ ಮಾತೇ ಎತ್ತುತ್ತಿರಲಿಲ್ಲ. ಅಂಕಿಯ ಮುಂದೆ ಏನು ಬರೆದಿದೆ, ಗ್ರಾಮೋ ಕೌಂಟೋ, ಅದನ್ನು ಮೊದಲು ಬಾಯಿಬಿಟ್ಟು ಹೇಳಿಸುತ್ತಿದ್ದರು. ಅದು ಅವರು ಹೊಸದಾಗಿ ಸೇರಿಸಿದ ಹಟ.

ಇವತ್ತು ನಾನು ಗಡಹಿಂಗ್ಲಜದಲ್ಲಿ ಕಾಲೇಜು ಮಕ್ಕಳಿಗೆ ಫಿಸಿಕ್ಸ್ ಹೇಳುತ್ತೇನೆ. ಉತ್ತರ ತಪ್ಪಿದ ಹಾಳೆ ಬಂದರೆ, ಈ ಮಗು ಯಾವ ಮನೆಯಿಂದ ಬಂದಿದೆ, ಈ ಅಂಕಿಯನ್ನು ಏನೆಂದು ಓದಿರಬಹುದು ಎಂದು ಯೋಚಿಸದೆ ಕೆಂಪು ಪೆನ್ನು ಎತ್ತುವುದಿಲ್ಲ. ಸೊನ್ನೆ ಹಾಕುವುದೇ ಇಲ್ಲವೆಂದಲ್ಲ. ಹಾಕುತ್ತೇನೆ, ಆಮೇಲೆ ಕರೆದು ಕೂಡಿಸಿಕೊಳ್ಳುತ್ತೇನೆ.

ಮೂರನೇ ಸಲ ಕೂತ ಪರೀಕ್ಷೆಯ ರಿಸಲ್ಟು ಬಂದ ದಿನ ಮಧ್ಯಾಹ್ನ ನಾನು ಶೆಡ್ಡಿಗೆ ಓಡಿದೆ. ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಪ್ಪ ತನ್ನ ಮಗ್ಗ ನಿಲ್ಲಿಸಿ ನನ್ನ ಹಿಂದೆಯೇ ಬಂದ. ಮಾಮಾ ಮೂಲೆಯಲ್ಲಿ ಸ್ಟೂಲಿನ ಮೇಲಿದ್ದರು. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಅರಳೆಯ ಧೂಳು. ಕಿವಿಯ ಹತ್ತಿರ ಬಾಗಿ ಕೂಗಿದೆ.

"ಪಾಸ್ ಆತ್ರಿ ಮಾಮಾ."

"ಎಷ್ಟ ಬಿದ್ದಾವು?"

"ಅರವತ್ತೊಂದ್ರಿ."

ಅವರು ಕೈಯಲ್ಲಿದ್ದ ನಳಿಗೆ ತುಂಬುವ ತನಕ ಸುತ್ತಿದರು, ನೂಲು ಹರಿದರು, ಬುಟ್ಟಿಗೆ ಹಾಕಿದರು, ಮಿಶನ್ ಆರಿಸಿದರು. ಎದುರಿನ ಹೆಂಗಸರೂ ತಮ್ಮ ತಮ್ಮ ಮಿಶನ್ ನಿಲ್ಲಿಸಿದರು. ಅಪ್ಪ ಮುಂದೆ ಬಂದು, ಅವರನ್ನು ಎಬ್ಬಿಸಲು ಬಗ್ಗಿ ಎರಡೂ ಕೈ ಚಾಚಿದ. ಮಾಮಾ ಅವನ ಕೈ ಹಿಡಿದರು, ಆದರೆ ಏಳಲಿಲ್ಲ. ನನ್ನ ಕಡೆಗೆ ನೋಡಿದರು.

"ಜಾಗಾ ನಿಂದು. ನಿನ್ನ ಕೇಳಾಕತ್ತೇನಿ. ನಾ ಇನ್ನ ಏಳಲ್ಯಾ?"

"ಏಳ್ರಿ ಮಾಮಾ" ಎಂದೆ.